ನೀಲಿ ನೀರು ಮತ್ತು ಬೆಲ್ಲವಿಲ್ಲದ ಹಿಂಡಿ

ಹೆಂಗಸರು ಇಷ್ಟು ವರ್ಷ ಬರೀ ಕೈಯಳತೆಯ ಮೇಲೆ ನಡೆಸಿಕೊಂಡು ಬಂದ ಅಡುಗೆಮನೆಯ ಆಡಳಿತವನ್ನು ಶಾಸ್ತ್ರೋಕ್ತವಾಗಿ ಸುಧಾರಿಸಿಯೇ ಬಿಡುತ್ತೇನೆ ಎಂದು ನಾನು ಪ್ರತಿಜ್ಞೆ ಮಾಡಿದ್ದು ಎಪ್ಪತ್ಮೂರನೆಯ ಇಸವಿಯಲ್ಲಿ, ಗೌರಿ ಹುಣ್ಣಿಮೆ ಮುಗಿದ ವಾರ. ಪ್ರತಿಜ್ಞೆ ಮಾಡುವಾಗ ನನ್ನ ಕೈಯಲ್ಲಿ ಗೌರಿಗೆ ಬೆಳಗಿದ ಸಕ್ಕರೆ ಅಚ್ಚಿನ ಆರತಿಯ ಆನೆಯೊಂದರ ಹಿಂಗಾಲು ಇತ್ತು. ಮಾತು ಮುಗಿಯುವುದರೊಳಗೆ ಹೆಂಡತಿ ಸಾವಿತ್ರೆವ್ವ ಅದನ್ನು ಕಿತ್ತುಕೊಂಡು ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ನನ್ನ ಕೈಗೆ ಎಟುಕದ ನಾಗೊಂದಿಗೆಯ ಮೇಲೆ ಇಟ್ಟಳು.

ನನ್ನ ಪರಿಚಯ ಹೇಳಿಬಿಡುತ್ತೇನೆ. ಬೈಲಹೊಂಗಲದ ಹತ್ತಿ ಪೇಟೆಯಲ್ಲಿ ಹತ್ತಿ ನೋಡಿ ದರ್ಜೆ ಹೇಳುವ ನಿಜಗುಣಪ್ಪ ಅಂದರೆ ನಾನೇ. ರೈತ ಚಕ್ಕಡಿಯಿಂದ ಒಂದು ಹಿಡಿ ಹತ್ತಿ ತೆಗೆದುಕೊಟ್ಟರೆ, ಎರಡು ಹೆಬ್ಬೆರಳುಗಳ ನಡುವೆ ಎಳೆದು, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, “ಜಯಧರ, ಎರಡನೇ ದರ್ಜಿ” ಎಂದು ತಳಿಯನ್ನೂ ದರ್ಜೆಯನ್ನೂ ಹೇಳಿಬಿಡುತ್ತೇನೆ. ನಾನು ಹಾಗೆ ಅನ್ನುವವರೆಗೆ ದಲಾಲಿ ಅಂಗಡಿಯ ಕಟ್ಟೆಯ ಮೇಲೆ ಯಾರೂ ಉಸಿರು ಬಿಡುವುದಿಲ್ಲ. ಇಂಥ ಕೆಲಸದಲ್ಲಿ ಬಹಳ ವರ್ಷ ಇದ್ದವನಿಗೆ ಕಂಡದ್ದಕ್ಕೆಲ್ಲ ದರ್ಜೆ ಹೇಳುವ ರೋಗ ಅಂಟಿಕೊಳ್ಳುತ್ತದೆ. ನನ್ನ ಮಾವನ ಮನೆಯವರ ಉಪ್ಪಿಟ್ಟಿಗೆ ಒಮ್ಮೆ ಮೂರನೇ ದರ್ಜೆ ಹೇಳಿ, ಆಮೇಲೆ ಆ ಮನೆಯಲ್ಲಿ ಬಹಳ ದಿನ ಬರೀ ನೀರು ಕುಡಿದು ಬಂದಿದ್ದೇನೆ.

ಆದರೆ ಆ ವಾರ ಪರಪ್ಪ ಡಾಕ್ಟರು ಹೇಳಿದ ರೋಗ ಬೇರೆ.

“ನಿಜಗುಣಪ್ಪನವರ, ನಿಮಗ ಸಕ್ಕರಿ ರೋಗ ಚಾಲೂ ಆಗೇತಿ,” ಎಂದರು ಅವರು, ಮಳೆ ಬರುವ ಸುದ್ದಿ ಹೇಳಿದಷ್ಟು ಸಮಾಧಾನದಿಂದ. “ಹೊತ್ತಿಗೆ ಒಂದ ರೊಟ್ಟಿ. ಅನ್ನ ಬಾಯಿಗೆ ತೋರಿಸೂದಷ್ಟ. ಬೆಲ್ಲ, ಸಕ್ಕರಿ ಕಡೆ ಹೊಳ್ಳಿ ನೋಡಬ್ಯಾಡ್ರಿ. ಹೊಟ್ಟಿ ತುಂಬಲಿಲ್ಲಂದ್ರ ಪಚಡಿ ತಿನ್ರಿ, ಎಷ್ಟ ಬೇಕಾದ್ರೂ ತಿನ್ರಿ.”

ಹೀಗೆಂದು ಒಂದು ಬಾಟಲಿ ನೀಲಿ ನೀರು, ಒಂದು ಗಾಜಿನ ನಳಿಗೆ, ಒಂದು ಸಣ್ಣ ಸ್ಪಿರಿಟ್ ದೀಪ ನನ್ನ ಮುಂದೆ ಇಟ್ಟರು. ವಾರಕ್ಕೊಮ್ಮೆ ನಳಿಗೆಯಲ್ಲಿ ಸ್ವಲ್ಪ ನೀಲಿ ನೀರು ಹಾಕಿ, ಅದರಲ್ಲಿ ನನ್ನ ಮೂತ್ರದ ಕೆಲವು ಹನಿ ಬಿಟ್ಟು ಕುದಿಸಬೇಕು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ ಇದೆ. ಹಳದಿಯಾದರೆ ಬಹಳ ಇದೆ.

“ಇಟ್ಟಂಗಿ ಬಣ್ಣ ಬಂತಂದ್ರ?” ಎಂದು, ಬಾಟಲಿಯ ಚೀಟಿಯ ಮೇಲೆ ಕೊನೆಗಿದ್ದ ಇಟ್ಟಿಗೆ ಕೆಂಪು ತೋರಿಸಿ ಕೇಳಿದೆ.

ಡಾಕ್ಟರು ಮೇಜಿನ ಮೇಲಿದ್ದ ತಟ್ಟೆಯ ಮುಚ್ಚಳ ತೆಗೆದು ಸೂಜಿ ತೋರಿಸಿದರು.

ನನಗೂ ಸೂಜಿಗೂ ಹಳೆಯ ವೈರ. ಸಿಡುಬಿನ ಲಸಿಕೆಯವರು ಪೇಟೆಗೆ ಬಂದಾಗಲೆಲ್ಲ ನಾನು ಹತ್ತಿ ಅಂಡಿಗೆಗಳ ಹಿಂದೆ ದಾಸ್ತಾನು ಪರೀಕ್ಷೆ ಮಾಡುತ್ತಿರುತ್ತೇನೆ. ಆದ್ದರಿಂದ ಧ್ವನಿ ಇಳಿಸಿ, “ಡಾಕ್ಟರ್ರ, ಎಳ್ಳ ಅಮಾಸಿಗೆ ಹೊಲದಾಗ ಚರಗ ಚೆಲ್ಲೂದ ಐತಿ. ನಮ್ಮ ಮನ್ಯಾಗ ಶೇಂಗಾ ಹೋಳಿಗಿ ಮಾಡ್ತಾರ,” ಎಂದೆ.

ಡಾಕ್ಟರಿಗೂ ಶೇಂಗಾ ಹೋಳಿಗೆ ಗೊತ್ತು. “ಅಮಾಸಿ ಹಿಂದಿನ ದಿನ ಬರ್ರಿ. ನಾನ ಕುದಿಸಿ ನೋಡತೇನಿ. ನೀಲಿ ಉಳೀತಂದ್ರ ಒಂದ ಹೋಳಿಗಿ ತಿನ್ರಿ. ಇಟ್ಟಂಗಿ ಆತಂದ್ರ ಅವತ್ತಿಂದ ದಿನಾ ಮುಂಜಾನೆ ಸೂಜಿ,” ಎಂದು ಅಪ್ಪಣೆ ಕೊಟ್ಟರು.

ಒಂದು ಕಡೆ ಹೋಳಿಗೆ, ಒಂದು ಕಡೆ ಸೂಜಿ, ನಡುವೆ ಪಚಡಿ. ನನ್ನ ಬಾಳು ಇಷ್ಟು ಸ್ಪಷ್ಟವಾಗಿ ಹಿಂದೆಂದೂ ಇರಲಿಲ್ಲ.

ಪಚಡಿ ಎಂದರೆ ನಮ್ಮ ಕಡೆ ದೊಡ್ಡ ಕಸರತ್ತೇನಲ್ಲ. ಎಳೆ ಮೆಂತ್ಯೆ, ಮೂಲಂಗಿ, ಸವತೆಕಾಯಿ, ಉಳ್ಳಾಗಡ್ಡಿ ತಪ್ಪಲು ಸಣ್ಣಗೆ ಹೆಚ್ಚಿ, ಮೇಲೆ ಹಿಂಡಿ, ಅಂದರೆ ಚಟ್ನಿಪುಡಿ, ಉದುರಿಸಿ, ಕುಸುಬಿ ಎಣ್ಣೆ ಬಿಟ್ಟು, ಬೇಕಾದರೆ ಮೊಸರು ಹಾಕಿ ಕಲಸುವುದು. ಸೊಪ್ಪು-ತಪ್ಪಲು ಎಲ್ಲರ ಮನೆಯಲ್ಲೂ ಒಂದೇ. ಮೇಲೆ ಹಾಕಿ ಕಲಸುವುದರಲ್ಲಿ ಮಾತ್ರ ಒಂದೊಂದು ಮನೆಗೆ ಒಂದೊಂದು ಹೆಸರು. ಇನ್ನು ಮುಂದೆ ಎಮ್ಮೆಯ ಹಾಗೆ ತಪ್ಪಲು ಮೇಯಬೇಕಾದ ನನ್ನ ಸುಖದುಃಖವೆಲ್ಲ ಆ ಹಿಂಡಿಯ ಮೇಲೆ ನಿಂತಿತ್ತು. ಆದ್ದರಿಂದ ವಿಚಾರಣೆಯನ್ನು ಅಲ್ಲಿಂದಲೇ, ನಮ್ಮ ಮನೆಯ ಗುರೆಳ್ಳು ಅಂದರೆ ಹುಚ್ಚೆಳ್ಳಿನ ಹಿಂಡಿಯಿಂದಲೇ, ಶುರು ಮಾಡಿದೆ.

“ಗುರೆಳ್ಳ ಹಿಂಡಿಗೆ ಏನೇನ ಹಾಕತಿ?”

“ಗುರೆಳ್ಳು, ಒಣಾ ಮೆಣಸಿನಕಾಯಿ, ಬೆಳ್ಳೊಳ್ಳಿ, ಹುಣಸಿಹಣ್ಣು, ಉಪ್ಪು,” ಎಂದಳು ಸಾವಿತ್ರೆವ್ವ. ಆಮೇಲೆ ಮೆಲ್ಲಗೆ, “ಒಂದೀಟು ಬೆಲ್ಲ.”

“ಬೆಲ್ಲ? ನನ್ನ ಪಚಡಿಗೆ ಬೆಲ್ಲ?”

“ಒಂದೀಟು ಬೆಲ್ಲ ಬೀಳದಿದ್ರ ಅದು ಹಿಂಡಿ ಅನಸೂದಿಲ್ರಿ. ಬರೇ ಖಾರದ ಮಣ್ಣ ಆಕ್ಕೈತಿ.”

“ಇನ್ನ ಮ್ಯಾಲ ಈ ಮನ್ಯಾಗ ಹಿಂಡಿ ನಾನ ಮಾಡತೇನಿ.”

“ಮಾಡ್ರಿ. ಗುರೆಳ್ಳು ಯಾವ ಡಬ್ಬ್ಯಾಗ ಐತಿ, ಗೊತ್ತೈತೇನ್ರಿ?”

ಗೊತ್ತಿರಲಿಲ್ಲ. ಆದರೆ ಸುಧಾರಕನಾದವನು ಇಂಥ ಸಣ್ಣ ಪ್ರಶ್ನೆಗಳಿಗೆ ಉತ್ತರ ಕೊಡಬಾರದು.

ಹತ್ತಿ ಸುಗ್ಗಿ ಇನ್ನೂ ದೂರವಿತ್ತು. ಹೆಬ್ಬೆರಳುಗಳಿಗೆ ಕೆಲಸವಿರಲಿಲ್ಲ. ಆಗಲೇ ನನ್ನ ತಲೆಯಲ್ಲಿ ಆ ದಿವ್ಯ ವಿಚಾರ ಹೊಳೆದದ್ದು. ನನ್ನೊಳಗಿನ ಸಕ್ಕರೆಯನ್ನು ಕಂಡುಹಿಡಿಯುವ ನೀಲಿ ನೀರು ಹಿಂಡಿಯೊಳಗಿನ ಸಕ್ಕರೆಯನ್ನು ಕಂಡುಹಿಡಿಯದೆ ಇರುತ್ತದೆಯೇ? ಯಾವ ಹಿಂಡಿ ತಿನ್ನಬೇಕು, ಯಾವುದು ಬೇಡ ಎಂದು ನಾಲಿಗೆಯನ್ನು ಯಾಕೆ ಕೇಳಬೇಕು? ನಳಿಗೆಯನ್ನೇ ಕೇಳೋಣ.

ಸಾವಿತ್ರೆವ್ವ ಒಂದು ಕರಾರು ಹಾಕಿದಳು. “ನಿಮ್ಮ ನೀರು ಕುದಿಸೂ ನಳಿಗಿ ಬ್ಯಾರೆ, ಹಿಂಡಿ ಕುದಿಸೂ ನಳಿಗಿ ಬ್ಯಾರೆ. ಎರಡೂ ನನ್ನ ಅಡಿಗಿಮನಿ ಹೊಚ್ಚಲಾ ದಾಟಬಾರದು.” ಹೊಸ ನಳಿಗೆ ತಂದೆ. ಅದರ ಕೊರಳಿಗೆ ಅವಳೇ ಕೆಂಪು ದಾರ ಕಟ್ಟಿದಳು.

ಮರುದಿನ ಪಡಸಾಲೆಯಲ್ಲಿ ನ್ಯಾಯಾಲಯ ಕೂಡಿತು. ನ್ಯಾಯಾಧೀಶ ನಾನು. ಕಟಕಟೆಯಲ್ಲಿ ಸಾಲಾಗಿ ಬಟ್ಟಲುಗಳು. ಮೊದಲು ಹೆಂಡತಿಯ ಗುರೆಳ್ಳ ಹಿಂಡಿ. ಒಂದು ಚಿಟಿಕೆ ಹಾಕಿ ಕುದಿಸಿದರೆ ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು. ಫೇಲ್! ಶೇಂಗಾ ಹಿಂಡಿ, ಅದರಲ್ಲೂ ಬೆಲ್ಲ, ಫೇಲ್. ಹುಣಸೆಹುಳಿ ಇಟ್ಟಂಗಿಯಾಗಿ ಕೂತಿತು. ಬೆಲ್ಲ ಸೋಂಕದ ಮೊಸರು ಕೂಡ ಹಸಿರು ತೋರಿಸಿತು. ಉಳ್ಳಾಗಡ್ಡಿಯನ್ನು ನಾನು ಪ್ರಾಮಾಣಿಕ ಎಂದು ತಿಳಿದಿದ್ದೆ, ಅದೂ ಕೈಕೊಟ್ಟಿತು. ಪಾಸಾದದ್ದು ಕುಸುಬಿ ಎಣ್ಣೆ, ಉಪ್ಪು, ಬೆಣ್ಣೆ. ಬೆಲ್ಲ ಹಾಕದ ಬರೀ ಗುರೆಳ್ಳಿಗೆ ಎರಡನೇ ದರ್ಜೆ. ಲಿಂಬೆಹಣ್ಣನ್ನು ಮುಖ ನೋಡಿ ತೇರ್ಗಡೆ ಮಾಡಿದೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸಾವಿತ್ರೆವ್ವನ ಸಹನೆ ಮುಗಿಯಿತು. ಒಳಗೆ ಹೋಗಿ ಒಂದು ಚೂರು ಜೋಳದ ರೊಟ್ಟಿ ತಂದು ನನ್ನ ಮುಂದೆ ಎಸೆದಳು.

“ಎಲ್ಲಾನೂ ಫೇಲ್ ಮಾಡಿದ್ರಿ. ಇದೊಂದನ್ನೂ ಮಾಡಿಬಿಡ್ರಿ. ನಾಳಿಂದ ರೊಟ್ಟಿ ಬಡಿಯೂದ ಬಿಟ್ಟು ಆರಾಮ ಕುಂದರತೇನಿ.”

ರೊಟ್ಟಿಯ ಚೂರು ಹಾಕಿ ಕುದಿಸಿದೆ. ಇನ್ನಷ್ಟು ಕುದಿಸಿದೆ. ನೀಲಿ! ಮಳೆ ನಿಂತ ಮೇಲೆ ಸವದತ್ತಿ ಗುಡ್ಡದ ಮೇಲೆ ಕಾಣುವ ಆಕಾಶದಷ್ಟು ನೀಲಿ. ನನ್ನ ಕಣ್ಣಲ್ಲಿ ನೀರು ಬಂತು.

“ಮೊದಲನೇ ದರ್ಜಿ,” ಎಂದೆ. “ಸಾವಿತ್ರಿ, ನೀ ಬಡಿ. ಬಡಿದಷ್ಟೂ ತಿನ್ನತೇನಿ.”

“ಡಾಕ್ಟರ್ರು ಹೊತ್ತಿಗೆ ಒಂದ ಅಂದಾರ.”

“ಡಾಕ್ಟರ್ರು ಅಂದಾಜಿನ ಮ್ಯಾಲ ಹೇಳ್ಯಾರ. ನಾ ಪರೀಕ್ಷಾ ಮಾಡಿ ಹೇಳಾಕ ಹತ್ತೇನಿ.”

ಈಗ ನನ್ನ ಸ್ವಂತ ಹಿಂಡಿಯ ನಿರ್ಮಾಣ. ನಳಿಗೆಗಳು ಹೊಸ್ತಿಲು ದಾಟುವಂತಿರಲಿಲ್ಲ, ನನಗೆ ಆ ಕಟ್ಟು ಇರಲಿಲ್ಲ. ಗುರೆಳ್ಳು ಹುರಿಯುವುದನ್ನು ಹೆಂಗಸರು ಮಾತಾಡುತ್ತ ಮಾಡುತ್ತಾರೆ. ನಾನು ಮೌನವಾಗಿ, ದೊಡ್ಡ ಉರಿಯಲ್ಲಿ ಮಾಡಿದೆ. ಕಾದ ಕಾಳು ಚಟಪಟ ಸಿಡಿದು ಒಲೆಯ ಸುತ್ತ ಹಾರಿತು, ಗೋಡೆಗೆ ಹಾರಿತು, ನನ್ನ ಅಂಗಿಯ ಕಿಸೆಗೆ ಹಾರಿತು. ಬಾಣಲೆಯಲ್ಲಿ ಉಳಿದದ್ದು ಮೊದಲೇ ಕರಿ ಬಣ್ಣದ್ದಾದ್ದರಿಂದ ಹುರಿದಿದೆಯೋ ಸುಟ್ಟಿದೆಯೋ ತಿಳಿಯಲಿಲ್ಲ. ಅದಕ್ಕೆ ಹಸಿ ಬೆಳ್ಳುಳ್ಳಿ, ಮೆಣಸಿನಕಾಯಿ, ಉಪ್ಪು ಸೇರಿಸಿ ಒರಳಲ್ಲಿ ಕುಟ್ಟಿ, ಕುಸುಬಿ ಎಣ್ಣೆ, ಲಿಂಬೆರಸ ಬೆರೆಸಿದೆ. ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಅದರ ಮೇಲೆ ಪಚಡಿ ಹೇರಿ, ಪಚಡಿಯ ಮೇಲೆ ಈ ಹಿಂಡಿ ಹಾಕಿ, ಮಡಚಿ ಬಾಯಿಗಿಟ್ಟೆ. ಆಹಾ!

“ಇದಕ್ಕ ದರ್ಜಿನ ಇಲ್ಲ,” ಎಂದೆ.

“ಅದ ನನಗೂ ಅನಸಾಕ ಹತ್ತೇತಿ,” ಎಂದಳು ಸಾವಿತ್ರೆವ್ವ, ಗೋಡೆಯ ಮೇಲಿನ ಗುರೆಳ್ಳು ಒರೆಸುತ್ತ.

ರುಚಿ ಸರಿಯಾಗಿ ತಿಳಿಯಲೆಂದು ಇನ್ನೊಂದು ರೊಟ್ಟಿ ತಿಂದೆ. ನಮ್ಮ ಕಡೆಯವನು ಹಿಂಡಿಯನ್ನು ರೊಟ್ಟಿ ಇಲ್ಲದೆ ನೆಕ್ಕಿ ರುಚಿ ನೋಡುವುದುಂಟೇ? ಮರುದಿನ ಉಪ್ಪು ಹೆಚ್ಚು ಮಾಡಿ ನೋಡಿದೆ, ಅದಕ್ಕೆ ಎರಡು ರೊಟ್ಟಿ. ಮೂರನೆಯ ದಿನ ಲಿಂಬೆ ಕಡಿಮೆ ಮಾಡಿದೆ, ಅದಕ್ಕೂ ರೊಟ್ಟಿ ಬೇಕಾಯಿತು. ಸಂಶೋಧನೆ ಎಂದರೆ ಸುಮ್ಮನೆಯೇ?

ಇಷ್ಟರಲ್ಲಿ ನ್ಯಾಯಾಲಯದ ಸುದ್ದಿ ಓಣಿಗೆ ಮುಟ್ಟಿತು. ಮೊದಲು ಬಂದವಳು ಪಕ್ಕದ ಮನೆಯ ದೇವಕ್ಕ, ಸೆರಗಿನೊಳಗೆ ಒಂದು ಬಟ್ಟಲು ಮುಚ್ಚಿಕೊಂಡು.

“ಅಣ್ಣಾರ, ಇದು ನಮ್ಮ ನಾದಿನಿ ಮಾಡಿದ ಶೇಂಗಾ ಹಿಂಡಿ. ಬೆಲ್ಲ ಹಾಕೂದಿಲ್ಲ, ಬರೇ ನನ್ನ ಕೈಗುಣ ಅಂತ ಊರ ತುಂಬಾ ಹೇಳಿಕೋತ ಅಡ್ಡ್ಯಾಡತಾಳ. ಒಂದಿಷ್ಟ ಕೈಗುಣ ನೋಡಿ ಹೇಳ್ರಿ.”

ಕೈಗುಣ ಇಟ್ಟಂಗಿ ಬಣ್ಣಕ್ಕೆ ತಿರುಗಿತು. ದೇವಕ್ಕ ಆ ನಳಿಗೆಯನ್ನು ಆರತಿ ತಟ್ಟೆ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೋದಳು. ಆ ಮನೆಯಲ್ಲಿ ಏನಾಯಿತೋ, ನಾದಿನಿ ಹೊರಗೆ ಬಂದು ನಮ್ಮ ಮನೆಯ ಕಡೆ ಮುಖ ಮಾಡಿ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಆದರೆ ನನ್ನ ಕೀರ್ತಿ ಹಬ್ಬಿತು. ದಿನವೂ ಒಬ್ಬರಲ್ಲ ಒಬ್ಬರು ಬಟ್ಟಲು ಹಿಡಿದು ಬರತೊಡಗಿದರು. ಅಗಸೆ ಹಿಂಡಿ, ಹುರಿಗಡಲೆಯ ಪುಟಾಣಿ ಹಿಂಡಿ, ಸೊಸೆಯ ಹಿಂಡಿ, ಅತ್ತೆಯ ಹಿಂಡಿ. ನಾನು ಒಂದು ಕಣ್ಣು ಮುಚ್ಚಿ ದರ್ಜೆ ಹೇಳುತ್ತಿದ್ದೆ. ನೀಲಿ ನೀರು ಇಳಿಯುತ್ತಿತ್ತು.

“ಊರ ಹಿಂಡಿ ಕುದಿಸಿದ್ದು ಸಾಕ. ನಿಮ್ಮದೊಂದ ಕುದಿಸಿಕೋರಿ,” ಎಂದಳು ಸಾವಿತ್ರೆವ್ವ.

“ಮೊದಲನೇ ವಾರ ಕುದಿಸೇನಿ. ಬರೇ ಹಸರು ಬಂದಿತ್ತು. ಈಗ ನೀಲಿ ಆಗಿರತೈತಿ ಬಿಡು. ನನ್ನ ದರ್ಜಿ ನನಗ ಗೊತ್ತಿಲ್ಲೇನ?”

ಗಂಟಲು ಮಾತ್ರ ಯಾವಾಗಲೂ ಒಣಗುತ್ತಿತ್ತು. ಅದನ್ನು ಹಿಂಡಿಯ ಖಾರದ ಮೇಲೆ ಹಾಕಿದೆ.

ಒಂದು ಮುಂಜಾನೆ ದೇವಕ್ಕ ಹಾಲು ತಂದಳು. ಹಾಲು ಹಾಕುವ ಸಂಗಪ್ಪನ ಮೇಲೆ ಅವಳಿಗೆ ಸಂಶಯ. ಕುದಿಸಿದೆ. ಹಸಿರಾಯಿತು, ಅಲ್ಲಿಂದ ಹಳದಿಯ ಕಡೆ ಹೊರಟಿತು. ಅವನೇ ನಮ್ಮ ಮನೆಗೆ ಹಾಕಿದ್ದ ಹಾಲು ಕುದಿಸಿದೆ, ಅದೂ ಹಾಗೆಯೇ.

“ಹಾಲಿನ್ಯಾಗ ಸಕ್ಕರಿ ಐತಿ,” ಎಂದು ತೀರ್ಪು ಕೊಟ್ಟೆ.

ಸಂಜೆಯ ಹೊತ್ತಿಗೆ ಓಣಿಯಲ್ಲಿ ಒಬ್ಬರೂ ಸಂಗಪ್ಪನ ಹಾಲು ತೆಗೆದುಕೊಳ್ಳಲಿಲ್ಲ. ಮರುದಿನ ಬಾಗಿಲು ತೆಗೆದರೆ ನಮ್ಮ ಕಟ್ಟೆಗೆ ಒಂದು ಎಮ್ಮೆ ಕಟ್ಟಿತ್ತು. ಎಮ್ಮೆಯ ಪಕ್ಕದಲ್ಲಿ ಸಂಗಪ್ಪ ನಿಂತಿದ್ದ.

“ಸಾಹೇಬ್ರ, ಹಾಲಿಗೆ ನೀರ ಹಾಕತಾನ ಅಂತ ನನ್ನ ಅಪ್ಪಗೂ ಬೈದಾರ, ನನಗೂ ಬೈದಾರ. ಸಕ್ಕರಿ ಹಾಕತಾನ ಅಂತ ಇವತ್ತಿನ ತನಕ ಯಾರೂ ಬೈದಿಲ್ರಿ. ಸಕ್ಕರಿ ರೇಶನ್ ಅಂಗಡ್ಯಾಗ ಸಿಗವಲ್ದು. ಸಿಕ್ಕರ ನನ್ನ ಚಹಾಕ್ಕ ಹಾಕ್ಕೊಳ್ಳಲ್ಯೋ, ನಿಮ್ಮ ಹಾಲಿಗೆ ಹಾಕಲ್ಯೋ?”

ಮಾತಿನಲ್ಲಿ ತೂಕವಿತ್ತು. ಆದರೆ ನಳಿಗೆಯ ಮುಂದೆ ಮಾತು ನಡೆಯುವುದಿಲ್ಲ. ನನ್ನ ಕಣ್ಣೆದುರೇ ಹಾಲು ಹಿಂಡಲು ಹೇಳಿದೆ. ಹಿಂಡಿದ. ಬಿಸಿಬಿಸಿ ನೊರೆಹಾಲಿನ ನಾಲ್ಕು ಹನಿ ಹಾಕಿ ಕುದಿಸಿದೆ. ಅದೇ ಹಸಿರು!

ಓಣಿಯೆಲ್ಲ ಕೂಡಿತ್ತು. ಏನಾದರೂ ಹೇಳಲೇಬೇಕಾಗಿತ್ತು.

“ಸಂಗಪ್ಪ, ತಪ್ಪು ನಿಂದಲ್ಲ,” ಎಂದೆ ಗಂಭೀರವಾಗಿ. “ನಿನ್ನ ಎಮ್ಮಿಗೆ ಸಕ್ಕರಿ ರೋಗ ಐತಿ.”

ಸಂಗಪ್ಪ ಎಮ್ಮೆಯನ್ನು ನೋಡಿದ. ಎಮ್ಮೆ ನನ್ನನ್ನು ನೋಡಿತು.

“ಹಂಗಾರ ಏನ ತಿನ್ನಸಲ್ರಿ ಇದಕ್ಕ?”

“ಹಸೇ ತಪ್ಪಲ ತಿನಸು.”

“ಹುಟ್ಟಿದಾಗಿಂದ ಅದನ್ನ ತಿನ್ನಾಕ ಹತ್ತೇತ್ರಿ!”

ಓಣಿ ನಕ್ಕ ನಗೆಗೆ ಎಮ್ಮೆ ಬೆದರಿ ಹಗ್ಗ ಕಿತ್ತುಕೊಂಡಿತು. ಸಂಗಪ್ಪ ಅದನ್ನು ಹಿಡಿದು, “ಇವರ ಮನಿಗೆ ಇನ್ನ ನನ್ನ ಹಾಲ ಬರೂದಿಲ್ಲ,” ಎಂದು ಸಾರಿ ಹೋದ. ಮನೆಯಲ್ಲಿ ಚಹಾ ನಿಂತಿತು. ಚಹಾ ಇಲ್ಲದ ಸಾವಿತ್ರೆವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಹಾಲಿನ ಗದ್ದಲದಲ್ಲಿ ನೀಲಿ ನೀರಿನ ಬಾಟಲಿಯೂ ಬರಿದಾಯಿತು. ಆದರೂ ನನಗೆ ಚಿಂತೆ ಇರಲಿಲ್ಲ. ಬೆಲ್ಲ ಮುಟ್ಟಿಲ್ಲ, ಸಕ್ಕರೆ ಮುಟ್ಟಿಲ್ಲ. ತಿಂದದ್ದೆಲ್ಲ ಪರೀಕ್ಷೆ ಪಾಸಾದದ್ದು. ಕಣ್ಣು ಮುಚ್ಚಿದರೆ ತುಪ್ಪ ಸವರಿದ ಒಂದು ಶೇಂಗಾ ಹೋಳಿಗೆ ಎದುರು ಬಂದು ನಿಲ್ಲುತ್ತಿತ್ತು.

ಅಮಾಸಿಯ ಹಿಂದಿನ ದಿನ ಇಬ್ಬರೂ ದವಾಖಾನೆಗೆ ಹೋದೆವು. ಡಾಕ್ಟರು ನಳಿಗೆಯನ್ನು ದೀಪದ ಮೇಲೆ ಹಿಡಿದರು. ನೀಲಿ ನೋಡನೋಡುತ್ತ ಹಸಿರಾಯಿತು. ಹಸಿರಿನಲ್ಲಿ ನಿಲ್ಲು ತಂದೆ ಎಂದು ಮನೆದೇವರನ್ನು ಬೇಡಿಕೊಂಡೆ. ನಿಲ್ಲಲಿಲ್ಲ. ಹಳದಿ ದಾಟಿ, ಕೇಸರಿ ದಾಟಿ, ಭಟ್ಟಿಯಿಂದ ಈಗ ತೆಗೆದ ಇಟ್ಟಂಗಿಯ ಬಣ್ಣಕ್ಕೆ ಬಂದು ನಿಂತಿತು. ದರ್ಜೆ ಹೇಳಲು ನನಗೆ ಒಂದು ಕಣ್ಣು ಮುಚ್ಚುವ ಕಾರಣವೂ ಇರಲಿಲ್ಲ.

“ಏನ ತಿಂದ್ರಿ?” ಎಂದರು ಡಾಕ್ಟರು.

“ಪಚಡಿ.”

“ಮ್ಯಾಲ ಏನ ಹಾಕಿದ್ರಿ?”

“ಬೆಲ್ಲ ಇಲ್ಲದ ಹಿಂಡಿರಿ. ನಾನ ಮಾಡಿದ್ದು. ನಿಮ್ಮ ನೀಲಿ ನೀರಿನ್ಯಾಗ ಪರೀಕ್ಷಾ ಮಾಡೇನಿ.”

“ಜೋಡಿ ಏನ?”

“ರೊಟ್ಟಿ.”

“ಎಷ್ಟ?”

ನಾನು ಸೂರು ನೋಡಿದೆ. ಸಾವಿತ್ರೆವ್ವ, “ನಾ ಎಣಸೂದ ಬಿಟ್ಟ ಬಾಳ ದಿನ ಆತ್ರಿ ಡಾಕ್ಟರ್ರ,” ಎಂದಳು.

“ರೊಟ್ಟೀನೂ ಪರೀಕ್ಷಾ ಮಾಡೇನ್ರಿ!” ಎಂದು ಕೂಗಿದೆ. “ನೀಲಿ ಇತ್ತು, ಅಚ್ಚ ನೀಲಿ!”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. “ನಿಜಗುಣಪ್ಪನವರ, ರೊಟ್ಟಿ ಸಕ್ಕರಿ ಆಗೂದು ನಳಿಗ್ಯಾಗ ಅಲ್ಲ, ಹೊಟ್ಟ್ಯಾಗ. ಒಳಗ ಹೋಗಿ ಅರಗಿದ ಮ್ಯಾಲ ರೊಟ್ಟಿ ಎಲ್ಲಾ ಸಕ್ಕರೀನ. ಅದಕ್ಕ ನಾ ಒಂದ ಅಂದಿದ್ದು. ನಿಮ್ಮ ಪರೀಕ್ಷಾದಾಗ ರೊಟ್ಟಿ ಪಾಸ್ ಆತು, ಖರೆ. ರೊಟ್ಟಿ ತಿಂದವರು ಫೇಲ್ ಆದ್ರಿ.”

“ಹಂಗಾರ ಎಮ್ಮಿ?” ಎಂದು ಕ್ಷೀಣವಾಗಿ ಕೇಳಿದೆ.

ಎಮ್ಮೆಯ ಕಥೆಯನ್ನು ಸಾವಿತ್ರೆವ್ವ ಹೇಳಿದಳು. ಡಾಕ್ಟರು ನಕ್ಕು ಕೆಮ್ಮಿ ನೀರು ಕುಡಿದು, ಹಾಲು ಅಂದಮೇಲೆ ಅದರಲ್ಲಿ ತನ್ನದೇ ಒಂದು ಸಕ್ಕರೆ ಇದ್ದೇ ಇರುತ್ತದೆ, ಎಮ್ಮೆಗೆ ಯಾವ ರೋಗವೂ ಇಲ್ಲ ಎಂದು ತಿಳಿಸಿದರು. ರೋಗವಿದ್ದವನಿಗೆ ಅಲ್ಲೇ ಸೂಜಿ ಚುಚ್ಚಿದರು. ನಾನು ಮಾಡಿದ ಸದ್ದಿಗೆ ಹೊರಗೆ ಕೂತಿದ್ದ ಇಬ್ಬರು ರೋಗಿಗಳು ಎದ್ದು ಮನೆಗೆ ಹೋದರಂತೆ.

ದಾರಿಯಲ್ಲಿ ಸಂಗಪ್ಪನ ಮನೆಗೆ ಹೋಗಿ ತಪ್ಪಾಯಿತು ಎಂದೆ. ಅವನು ಒಳ್ಳೆಯ ಮನುಷ್ಯ. “ಇರಲಿ ಬಿಡ್ರಿ ಸಾಹೇಬ್ರ,” ಎಂದ. ಆಮೇಲೆ ತಡೆಯಲಾರದೆ, “ಹಂಗಾರ ಎಮ್ಮಿಗೆ ಸೂಜಿ ಬ್ಯಾಡೇನ್ರಿ?” ಎಂದು ಕೇಳಿದ.

ಅಮಾಸಿಯ ದಿನ ಸಂಪಗಾಂವದ ಹತ್ತಿರದ ನಮ್ಮ ಹೊಲಕ್ಕೆ ಚಕ್ಕಡಿ ಕಟ್ಟಿಕೊಂಡು ಹೋದೆವು. ದೇವಕ್ಕನ ಮನೆಯವರೂ ಬಂದಿದ್ದರು. ಆ ನಾದಿನಿಯೂ ಇದ್ದಳು, ನನ್ನ ಕಡೆ ಬೆನ್ನು ಮಾಡಿ ಕೂತಿದ್ದಳು. ಬನ್ನಿ ಗಿಡದ ಕೆಳಗೆ ಪೂಜೆಯಾಯಿತು. ಹೊಲದ ತುಂಬ ಚರಗ ಚೆಲ್ಲುವುದು ಮನೆಯ ಹಿರಿಯನಾದ ನನ್ನ ಕೆಲಸ. ಕಡುಬು, ಅನ್ನ, ಹೋಳಿಗೆಯ ಚೂರು ಎಲ್ಲವನ್ನೂ ಬುಟ್ಟಿಯಲ್ಲಿ ಹಿಡಿದು, ಭೂಮಿತಾಯಿಗೆ ಚೆಲ್ಲುತ್ತ ನಡೆದೆ. ಸಾವಿತ್ರೆವ್ವ ನೀರಿನ ತಂಬಿಗೆ ಹಿಡಿದು ಹಿಂದೆಯೇ ಬಂದಳು. ನೀರು ಚಿಮುಕಿಸಲು ಬಂದಳೆಂದು ತಿಳಿದಿದ್ದೆ. ಅವಳ ಕಣ್ಣು ಪೂರ್ತಿ ನನ್ನ ಕೈಯ ಮೇಲಿತ್ತು.

“ಭೂಮಿತಾಯಿದು ಭೂಮಿತಾಯಿಗೆ ಮುಟ್ಟಲಿ,” ಎಂದಳು.

ಎಲ್ಲರೂ ಊಟಕ್ಕೆ ಕೂತೆವು. ಎಲ್ಲರ ತಾಟಿನಲ್ಲೂ ಶೇಂಗಾ ಹೋಳಿಗೆ. ನನ್ನ ತಾಟಿನಲ್ಲಿ ಒಂದು ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆ, ಮತ್ತು ನನ್ನ ಸ್ವಂತ ಹಿಂಡಿ ಹಾಕಿ ಕಲಸಿದ ಪಚಡಿಯ ಗುಡ್ಡ. ಆ ಒಂದು ರೊಟ್ಟಿ ಬದನೆಕಾಯಿಗೇ ಮುಗಿದುಹೋಯಿತು. ಉಳಿದದ್ದು ಪಚಡಿ ಮಾತ್ರ. ಒಂದು ತುತ್ತು ತೆಗೆದು ಬಾಯಿಗಿಟ್ಟೆ.

ಒಂದು ತಿಂಗಳ ಮೇಲಾಗಿತ್ತು ಆ ಹಿಂಡಿ ತಿನ್ನಲು ಶುರು ಮಾಡಿ. ರೊಟ್ಟಿ ಇಲ್ಲದೆ, ಬೆಣ್ಣೆ ಇಲ್ಲದೆ ಅದರ ಮುಖ ನೋಡಿದ್ದು ಅದೇ ಮೊದಲು. ಸುಟ್ಟ ಕಹಿ ನಾಲಿಗೆ ಹಿಡಿಯಿತು. ಹಸಿ ಬೆಳ್ಳುಳ್ಳಿ ಮೂಗಿಗೆ ಏರಿತು. ಖಾರ ನೆತ್ತಿಗೆ ಹೋಗಿ ಅಲ್ಲೇ ಕುಳಿತಿತು. ಇನ್ನೊಂದು ತುತ್ತನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದೆ.

“ಸಾವಿತ್ರಿ, ಇದನ್ನ ಯಾರ ಮಾಡಿದ್ದು?”

“ತಪ್ಪಲಾ ಭೂಮಿತಾಯಿ ಮಾಡಿದ್ದು. ಹಿಂಡಿ ನೀವ ಮಾಡಿದ್ದು.”

ಸುತ್ತಲೂ ಹೋಳಿಗೆ ತಿನ್ನುವ ಸದ್ದು. ನಾನು ಬಹಳ ಹೊತ್ತು ಅಗಿದೆ. ನುಂಗಲು ಆಗಲಿಲ್ಲ, ಉಗುಳಲು ಮರ್ಯಾದೆ ಬಿಡಲಿಲ್ಲ. ಕೊನೆಗೆ ಯಾರಿಗೂ ಕೇಳಬಾರದೆಂದು ಬಗ್ಗಿ ಹೇಳಿದೆ: “ಒಂದೀಟು ಬೆಲ್ಲ ಬಿದ್ದಿದ್ರ...”

ಸಾವಿತ್ರೆವ್ವ ಕೈಯಲ್ಲಿದ್ದ ಸವುಟು ಕೆಳಗಿಟ್ಟಳು. “ದೇವಕ್ಕಾ, ಕೇಳಿದ್ರಿಲ್ಲ? ಸಾಕ್ಷಿ ಇರ್ರಿ.”

ದೇವಕ್ಕ ಕೇಳಿದ್ದಳು. ಅವಳ ನಾದಿನಿಯೂ ಕೇಳಿದ್ದಳು. ಅಂದು ಮೊದಲ ಬಾರಿಗೆ ನನ್ನ ಕಡೆ ತಿರುಗಿ ಕೂತಳು.

ಸಾವಿತ್ರೆವ್ವ ಬುತ್ತಿಯ ಗಂಟಿನ ತಳದಿಂದ ಒಂದು ಸಣ್ಣ ಡಬ್ಬಿ ತೆಗೆದಳು. ಅವಳ ಗುರೆಳ್ಳ ಹಿಂಡಿ. ಎರಡು ಬೆರಳಿನಷ್ಟು ಮಾತ್ರ ಎತ್ತಿ ನನ್ನ ಪಚಡಿಯ ಮೇಲೆ ಉದುರಿಸಿದಳು. “ಇಷ್ಟಕ್ಕ ಏನೂ ಆಗೂದಿಲ್ಲ ಅಂತ ನಿನ್ನೆ ಡಾಕ್ಟರ್ರನ್ನ ಕೇಳೇನಿ,” ಎಂದಳು. ಆಗ ನೋಡಿದೆ, ಅವಳ ತಾಟಿನಲ್ಲೂ ಹೋಳಿಗೆ ಇರಲಿಲ್ಲ. ಯಾಕೆ ಎಂದರೆ, “ಹಲ್ಲ ನೋವು,” ಎಂದಳು. ಅವಳ ಹಲ್ಲಿಗೆ ಯಾವ ನೋವೂ ಇಲ್ಲವೆಂದು ನನಗೆ ಗೊತ್ತಿತ್ತು.

ಕಲಸಿ ತಿಂದೆ. ಮೆಂತ್ಯೆ ಮೆಂತ್ಯೆಯಾಯಿತು, ಮೂಲಂಗಿ ಮೂಲಂಗಿಯಾಯಿತು.

“ದರ್ಜಿ ಹೇಳ್ರಿ,” ಎಂದಳು.

ಎಲ್ಲರೂ ಕೈ ನಿಲ್ಲಿಸಿ ನನ್ನ ಬಾಯಿ ನೋಡುತ್ತಿದ್ದರು, ಪೇಟೆಯಲ್ಲಿ ನೋಡುವ ಹಾಗೆ.

“ಮೊದಲನೇ ದರ್ಜಿ,” ಎಂದೆ.

“ಹಂಗಾರ ಇನ್ನ ನನ್ನ ಅಡಿಗಿಮನಿ ಹೊಚ್ಚಲಾ ದಾಟೂ ಹಂಗಿಲ್ಲ,” ಎಂದಳು ಸಾವಿತ್ರೆವ್ವ, ಡಬ್ಬಿಯ ಮುಚ್ಚಳ ಬಿಗಿಯುತ್ತ. “ನಿಮ್ಮ ಎರಡ ನಳಿಗೀನೂ, ಮೂರನೇದ ನೀವೂ.”